ಎರವಲು ಕೋಟಿನ ಸಾಹೇಬರು

ಮನುಷ್ಯನ ಕೆಲಸವನ್ನು ಇನ್ನೊಬ್ಬ ಮನುಷ್ಯ ಕಿತ್ತುಕೊಂಡರೆ ಬೈಯಬಹುದು, ಶಾಪ ಹಾಕಬಹುದು, ಎದುರಿಗೆ ಸಿಕ್ಕಾಗ ಮುಖ ತಿರುಗಿಸಿಕೊಂಡು ಹೋಗಬಹುದು. ನಮ್ಮ ಲಿಫ್ಟಣ್ಣನಿಗೆ ಆ ಸಮಾಧಾನವೂ ಸಿಗಲಿಲ್ಲ. ಅವನ ಕೆಲಸವನ್ನು ಕಿತ್ತುಕೊಂಡದ್ದು ಲಿಫ್ಟೇ.

ಒಂದು ದೊಡ್ಡ ಆಫೀಸು ಕಟ್ಟಡದಲ್ಲಿ ಅವನು ಮೀಸೆ ಚಿಗುರಿದ ಕಾಲದಿಂದ ಅದೇ ಮೀಸೆ ನರೆಯುವವರೆಗೆ ಲಿಫ್ಟಿನೊಳಗೆ ಸ್ಟೂಲು ಹಾಕಿಕೊಂಡು ಕೂತಿದ್ದ. ಇಷ್ಟೊಂದು ಜನರನ್ನು ಮೇಲಕ್ಕೆತ್ತಿದ ಪುಣ್ಯಾತ್ಮ ನಮ್ಮ ಬೀದಿಯಲ್ಲಿ ಇನ್ನೊಬ್ಬನಿಲ್ಲ ಎಂಬುದು ಅವನ ನಂಬಿಕೆ. ಅಷ್ಟೇ ಜನರನ್ನು ಕೆಳಗಿಳಿಸಿದ್ದನ್ನು ಅವನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಹೀಗಿರುವಾಗ ಹಳೆಯ ಲಿಫ್ಟನ್ನು ತೆಗೆದು ಹೊಸದನ್ನು ಹಾಕಿದರು. ಹೊಸದಕ್ಕೆ ಕನ್ನಡಿ ಇತ್ತು, ಮಿಣುಕುವ ಗುಂಡಿಗಳಿದ್ದವು, ಸಾಲದ್ದಕ್ಕೆ ಒಂದು ಬಾಯಿಯೂ ಇತ್ತು. "ಮೂರನೆಯ ಮಹಡಿ. ಬಾಗಿಲು ತೆರೆಯುತ್ತಿದೆ," ಎಂದು ಒಬ್ಬ ಹೆಂಗಸಿನ ದನಿ ನಯವಾಗಿ ಹೇಳುತ್ತಿತ್ತು. ಲಿಫ್ಟಣ್ಣ ಸುಲಭಕ್ಕೆ ಸೋಲುವವನಲ್ಲ. ಅವಳು ಬಾಯಿ ಬಿಡುವ ಮೊದಲೇ "ಮೂರನೇ ಮಹಡೀ!" ಎಂದು ಕೂಗತೊಡಗಿದ. ಅವಳು ತನ್ನ ಪಾಡಿಗೆ ತಾನು ಹೇಳಿದಳು. ಕಿವಿ ಮುಚ್ಚಿಕೊಂಡು ಇಳಿದ ಜನ ದೂರು ಕೊಟ್ಟದ್ದು ಇವನ ಮೇಲೆ.

ಕಟ್ಟಡದ ಮ್ಯಾನೇಜರು ಕರೆದು ತಿಳಿಯಹೇಳಿದರು. "ನೋಡಪ್ಪಾ, ಅವಳು ಊಟಕ್ಕೆ ಹೋಗಲ್ಲ, ರಜ ಕೇಳಲ್ಲ. ನಿನ್ನ ಹಾಗೆ ಎರಡನೇ ಮಹಡಿಯೋರ ಸುದ್ದೀನ ಐದನೇ ಮಹಡಿಯೋರಿಗೆ ಮುಟ್ಟಿಸೋದೂ ಇಲ್ಲ." ಹೀಗೆಂದು ಅವನ ಕೈ ಕುಲುಕಿ, ಇಷ್ಟು ವರ್ಷದ ಸೇವೆಯ ನೆನಪಿಗೆಂದು ಅವನು ಕೂರುತ್ತಿದ್ದ ಸ್ಟೂಲನ್ನೇ ಕೊಟ್ಟು ಕಳಿಸಿದರು.

ಮನೆಯ ಬಾಗಿಲು ತೆರೆದ ಹೆಂಡತಿ ಗಂಡನಿಗಿಂತ ಮೊದಲು ಸ್ಟೂಲನ್ನು ನೋಡಿದಳು.

"ಇದೇನ್ರೀ ಇದು?"

"ಬೀಳ್ಕೊಡುಗೆ ಕಾಣಿಕೆ."

"ಯಾರಿಗೆ ಬೀಳ್ಕೊಡುಗೆ?"

"ನನಗೇ."

ಹೆಂಡತಿ ಆ ಸ್ಟೂಲಿನ ಮೇಲೆಯೇ ಕುಸಿದು ಕೂತಳು. ಕಾಣಿಕೆಯಿಂದ ಮನೆಗಾದ ಮೊದಲ ಉಪಯೋಗ ಅದು.

ಕೆಲಸ ಹೋದದ್ದು ಒಂದು ಸಂಕಟವಾದರೆ ಅದು ಷಡ್ಡಕನ ಕಿವಿಗೆ ಬೀಳುವುದು ಇನ್ನೊಂದು ಸಂಕಟ. ಷಡ್ಡಕ ಎಂದರೆ ಹೆಂಡತಿಯ ಅಕ್ಕನ ಗಂಡ. ಆಳು ದೊಡ್ಡವನು, ದನಿ ಅದಕ್ಕಿಂತ ದೊಡ್ಡದು. ಎರಡಕ್ಕೂ ಒಪ್ಪುವಂಥ ಹಾಸಿಗೆ ಅಂಗಡಿ ಅವನದು. "ಏಯ್ ಲಿಫ್ಟು, ಬಾ ನೀನಿಲ್ಲಿ" ಎನ್ನುವುದು ಅವನ ಪ್ರೀತಿಯ ಪರಮಾವಧಿ. ನೆಂಟರಿಷ್ಟರು ಸೇರಿದ ಕಡೆಯೆಲ್ಲ ಲಿಫ್ಟಣ್ಣನ ಬೆನ್ನಿಗೆ ಒಂದು ಏಟು ಹಾಕಿ, "ಆ ಕೆಲಸ ಹೋದ್ರೆ ಯೋಚ್ನೆ ಮಾಡ್ಬೇಡ ನೀನು. ನಮ್ಮ ಅಂಗಡೀಲಿ ಹಾಸಿಗೆ ಹೊರೋಕೆ ಒಬ್ಬ ಬೇಕೇ ಬೇಕು" ಎಂದು ನಗುತ್ತಿದ್ದ. ನೆಂಟರೂ ನಗುತ್ತಿದ್ದರು. ಹಾಸಿಗೆ ಹೊರುವುದರಲ್ಲಿ ಅವಮಾನವೇನೂ ಇಲ್ಲ. ಆದರೆ ಷಡ್ಡಕನ ಹಾಸಿಗೆಯನ್ನು ಷಡ್ಡಕನ ಕಣ್ಣೆದುರಿಗೆ ಹೊರುವುದೆಂದರೆ ಲಿಫ್ಟಣ್ಣನಿಗೆ ಜೀವ ಹೋದ ಹಾಗೆ.

"ಭಾವನಿಗೆ ಗೊತ್ತಾಗೋದ್ರೊಳಗೆ ಇನ್ನೊಂದು ಕೆಲಸ ಹುಡುಕ್ಕೊಳ್ಳಿ," ಎಂದಳು ಹೆಂಡತಿ. "ಇಲ್ದಿದ್ರೆ ನಮ್ಮಕ್ಕ ನನ್ನ ನೋಡಿ 'ಅಯ್ಯೋ ಪಾಪ' ಅಂತಾಳೆ. ಅವಳು ಬೈದ್ರೆ ತಡ್ಕೋತೀನಿ. ಪಾಪ ಅಂದ್ರೆ ಮಾತ್ರ ತಡ್ಕೊಳ್ಳಲ್ಲ."

ಹೀಗೆ ಲಿಫ್ಟಣ್ಣ ನೆರವು ಕೇಂದ್ರದ ಮೆಟ್ಟಿಲು ಹತ್ತಿದ. ಕೆಲಸ ಹುಡುಕುವವರಿಗೆ ಪುಕ್ಕಟೆಯಾಗಿ ಕೈಹಿಡಿದು ದಾರಿ ತೋರಿಸುವ ಸಂಸ್ಥೆ ಅದು. ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯ ಮೇಲಿನ ಮಹಡಿಯಲ್ಲಿ ಇದ್ದುದರಿಂದ ನೆಲ ಸದಾ ಬೆಚ್ಚಗಿರುತ್ತಿತ್ತು. ಲಿಫ್ಟೇ ಇಲ್ಲದ ಈ ಕಟ್ಟಡ ತನಗೇನು ಉದ್ಧಾರ ಮಾಡೀತು ಎಂದು ಗೊಣಗುತ್ತಲೇ ಅವನು ಹತ್ತಿದ್ದ. ಕೇಂದ್ರವನ್ನು ನಡೆಸುತ್ತಿದ್ದ ಮೇಡಂ ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ದಿನವಿಡೀ ಅದನ್ನೇ ಹುಡುಕುವವರು. ಆದರೆ ಎದುರಿಗೆ ಕೂತವರು ಬೆಳಿಗ್ಗೆ ತಿಂದು ಬಂದಿದ್ದಾರೋ ಇಲ್ಲವೋ ಎಂಬುದು ಅವರಿಗೆ ಕನ್ನಡಕವಿಲ್ಲದೆಯೂ ಕಾಣುತ್ತಿತ್ತು. ಕೆಲಸ ಕೊಡಿಸಿದ ಮೇಲೂ ಅವರು ಜನರನ್ನು ಕೈಬಿಡುತ್ತಿರಲಿಲ್ಲ. "ಹೊತ್ತಿಗೆ ಸರಿಯಾಗಿ ಏಳ್ತಿದೀರಾ? ಮೇಲಿನವರ ಹತ್ರ ಜಗಳ ಆಡಿದ್ರಾ? ಮನೇಲಿ ಎಲ್ಲ ಸಮಾಧಾನವಾ?" ಎಂದು ತಿಂಗಳುಗಟ್ಟಲೆ ಫೋನ್ ಮಾಡಿ ವಿಚಾರಿಸುತ್ತಿದ್ದರು.

ಅಲ್ಲಿ ಒಂದು ಬೀರು ಇತ್ತು. ಸಂದರ್ಶನಕ್ಕೆ ಹೋಗುವವರಿಗೆ ಎರವಲು ಕೊಡಲೆಂದು ಯಾರು ಯಾರೋ ದಾನ ಮಾಡಿದ ಬಟ್ಟೆಗಳು ಅದರಲ್ಲಿದ್ದವು. ಲಿಫ್ಟಣ್ಣನ ಪಾಲಿಗೆ ಬಂದದ್ದು ಒಂದು ನೀಲಿ ಕೋಟು. ಯಾವನೋ ಆಜಾನುಬಾಹು ಕೊಟ್ಟದ್ದಿರಬೇಕು. ತೋಳು ಬೆರಳ ತುದಿಯನ್ನೂ ದಾಟುತ್ತಿತ್ತು. ಒಳಗೆ ಲಿಫ್ಟಣ್ಣನ ಜೊತೆಗೆ ಇನ್ನೊಬ್ಬರಿಗೆ ಬಾಡಿಗೆಗೆ ಜಾಗ ಕೊಡಬಹುದಿತ್ತು. ಆದರೂ ಬೀರುವಿನಲ್ಲಿ ಗುಂಡಿಗಳೆಲ್ಲ ಇದ್ದ ಕೋಟು ಅದೊಂದೇ.

ಇನ್ನು ಅಲ್ಲಿನ ವಿಶೇಷ ಪದ್ಧತಿಯೊಂದನ್ನು ಹೇಳಲೇಬೇಕು, ಏಕೆಂದರೆ ಅನಾಹುತ ಆದದ್ದೆಲ್ಲ ಅದರಿಂದಲೇ. ಅಲ್ಲಿ ದಿನವೂ ಅಭ್ಯಾಸದ ಸಂದರ್ಶನ ನಡೆಯುತ್ತಿತ್ತು. ಮೇಜಿನ ಆಚೆ ಕೈಯಿರುವ ದೊಡ್ಡ ಕುರ್ಚಿ, ಈಚೆ ಕೈಯಿಲ್ಲದ ಸಣ್ಣ ಕುರ್ಚಿ. ಮೊದಲು ಸಣ್ಣ ಕುರ್ಚಿಯಲ್ಲಿ ಕೂತು ಉತ್ತರ ಹೇಳಬೇಕು. ಆಮೇಲೆ ದೊಡ್ಡ ಕುರ್ಚಿಗೆ ಹೋಗಿ, ಸಾಹೇಬನಾಗಿ ಇನ್ನೊಬ್ಬನಿಗೆ ಪ್ರಶ್ನೆ ಕೇಳಬೇಕು. "ಆಚೆ ಕೂತವನಿಗೂ ಒಳಗೊಳಗೇ ಭಯ ಇರುತ್ತೆ, ಸರಿಯಾದವರು ಸಿಗ್ತಾರೋ ಇಲ್ವೋ ಅಂತ. ಅದು ಗೊತ್ತಾದ್ರೆ ನಿಮ್ಮ ಭಯ ಅರ್ಧ ಕಮ್ಮಿ ಆಗುತ್ತೆ," ಎಂದು ಮೇಡಂ ಹೇಳುತ್ತಿದ್ದರು.

ಸಣ್ಣ ಕುರ್ಚಿಯಲ್ಲಿ ಲಿಫ್ಟಣ್ಣ ಪೂರಾ ಸೋತ. "ನಿಮ್ಮ ಬಗ್ಗೆ ಹೇಳಿ" ಎಂದರೆ, "ಮೇಲೆ ಹೋಗ್ತಿದ್ದೆ... ಕೆಳಗೆ ಬರ್ತಿದ್ದೆ..." ಎಂದು ಬೆವರುತ್ತಿದ್ದ. "ಹಿಂದಿನ ಕೆಲಸ ಯಾಕೆ ಬಿಟ್ರಿ?" ಎಂದರೆ ಒಂದು ದಿನ ಮಂಡಿ ನೋವು ಎಂದ, ಇನ್ನೊಂದು ದಿನ ತಲೆಸುತ್ತು ಎಂದ, ಮೂರನೆಯ ದಿನ ಆ ಕಟ್ಟಡವೇ ಬಿದ್ದುಹೋಯಿತು ಎಂದುಬಿಟ್ಟ. ಆದರೆ ದೊಡ್ಡ ಕುರ್ಚಿಯಲ್ಲಿ ಕೂತನೆಂದರೆ ಆಳೇ ಬೇರೆ. ಲಿಫ್ಟಿನಲ್ಲಿ ಅವನು ಕೇಳಿಸಿಕೊಳ್ಳದ ಸಾಹೇಬರುಂಟೇ? ಐದನೇ ಮಹಡಿಯವರ ಗಂಟಲು ಕೆರೆತ, ಏಳನೇ ಮಹಡಿಯವರ ಹುಬ್ಬು, ಯಾರ ಮಾತನ್ನೂ ಪೂರ್ತಿ ಕೇಳದ ಎರಡನೇ ಮಹಡಿಯವರ "ಹೂಂ, ಮುಂದೆ" — ಎಲ್ಲವೂ ಸೇರಿಕೊಂಡು ಆ ನೀಲಿ ಕೋಟಿನೊಳಗೆ ಬಂದು ಕೂರುತ್ತಿದ್ದವು.

ಆ ದಿನ ಈಚೆ ಕೂತವನು ಹೋಟೆಲು ಮುಚ್ಚಿ ಕೆಲಸ ಕಳೆದುಕೊಂಡ ಒಬ್ಬ ಅಡುಗೆಯವನು. ಲಿಫ್ಟಣ್ಣ ಮೇಜು ಗುದ್ದಿ ಕೇಳಿದ: "ನಿಮ್ಮನ್ನೇ ಯಾಕೆ ತಗೋಬೇಕು? ಹೊರಗಡೆ ನೂರು ಜನ ನಿಂತಿದಾರೆ!"

"ಸಾಹೇಬ್ರೇ, ಒಂದು ಅವಕಾಶ ಕೊಡಿ!" ಎಂದು ಅಡುಗೆಯವನು ಪಾತ್ರದೊಳಗೆ ಮುಳುಗಿ ಕೈಮುಗಿದ.

ಸರಿಯಾಗಿ ಅದೇ ಹೊತ್ತಿಗೆ ಬಾಗಿಲು ತೆರೆಯಿತು. ಬಾಗಿಲಲ್ಲಿ ಷಡ್ಡಕ ನಿಂತಿದ್ದ.

ಷಡ್ಡಕ ಕೋಟು ನೋಡಿದ, ಕುರ್ಚಿ ನೋಡಿದ, ಕೈಮುಗಿದು ಕೂತವನನ್ನು ನೋಡಿದ. ಅವನ ಬಾಯಿ "ಏಯ್ ಲಿ..." ಎಂದು ಶುರು ಮಾಡಿ ಅಲ್ಲಿಗೇ ನಿಂತಿತು.

ಅಡುಗೆಯವನು ತಿರುಗಿ ನೋಡಿ ಗದರಿದ. "ಸಾಹೇಬರು ಸಂದರ್ಶನ ಮಾಡ್ತಿರೋದು ಕಾಣಲ್ವೇನ್ರೀ? ಆಚೆ ಇರಿ!"

"ಕ್ಷಮಿಸಿ," ಎಂದ ಷಡ್ಡಕ. ಅವನ ಬಾಯಲ್ಲಿ ಆ ಶಬ್ದವನ್ನು ಲಿಫ್ಟಣ್ಣ ಕೇಳಿದ್ದು ಜನ್ಮದಲ್ಲಿ ಅದೇ ಮೊದಲು. "ನೀವು... ನೀವು ಮುಂದುವರಿಸಿ." ಬಾಗಿಲು ಬೆಕ್ಕಿನ ಹೆಜ್ಜೆಯಷ್ಟು ಮೆತ್ತಗೆ ಮುಚ್ಚಿಕೊಂಡಿತು.

ಲಿಫ್ಟಣ್ಣ ಕೋಟಿನ ತೋಳು ಬೀಸಿಕೊಂಡು ಹಿಂದೆಯೇ ಓಡಿದ. ಬೀದಿಯಲ್ಲಿ ಷಡ್ಡಕನ ಸುಳಿವಿರಲಿಲ್ಲ. ಅಷ್ಟು ದೊಡ್ಡ ಆಳು ಅಷ್ಟು ಬೇಗ ಹೇಗೆ ಮಾಯವಾದ, ಅಸಲಿಗೆ ಅಲ್ಲಿಗೆ ಬಂದದ್ದಾದರೂ ಯಾಕೆ ಎಂದು ಆಗಲೇ ಯೋಚಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಯೋಚಿಸಿ ಮಾಡುವ ಅಭ್ಯಾಸ ನಮ್ಮ ಲಿಫ್ಟಣ್ಣನಿಗೆ ಇರಲಿಲ್ಲ.

ಅವನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು.

"ನೀವು ದೊಡ್ಡ ಆಫೀಸರಂತೆ," ಎಂದಳು ಹೆಂಡತಿ, ಸೊಂಟದ ಮೇಲೆ ಕೈಯಿಟ್ಟು. "ಜನ ನಿಮ್ಮ ಕಾಲಿಗೆ ಬೀಳ್ತಿದ್ರಂತೆ. ಅಕ್ಕ ಫೋನ್ ಮಾಡಿದ್ಲು."

"ಅಯ್ಯೋ, ಅದು ಅಭ್ಯಾಸ ಕಣೇ! ಈಗ್ಲೇ ಫೋನ್ ಮಾಡಿ ನಿಜ ಹೇಳ್ಬಿಡ್ತೀನಿ."

ಹೆಂಡತಿ ಸೊಂಟದ ಮೇಲಿನ ಕೈ ಇಳಿಸಿದಳು. "ಹೇಳೋಣ. ಹೇಳ್ಲೇಬೇಕು. ಆದ್ರೆ..." ಅವಳ ದನಿ ಮೆತ್ತಗಾಯಿತು. "ಅಕ್ಕ ಇವತ್ತು ನನ್ನ ಹತ್ರ ಅಡುಗೆ ಏನು ಮಾಡಿದೀಯಾ ಅಂತ ಕೇಳಿದ್ಲು ಕಣ್ರೀ. ಇಷ್ಟು ವರ್ಷಕ್ಕೆ ಇದೇ ಮೊದ್ಲು. ನಾಳೆ ಹೇಳೋಣ."

ನಾಳೆ ಎಂಬುದಕ್ಕೆ ಕೊನೆ ಎಲ್ಲಿದೆ? ಅಷ್ಟರಲ್ಲಿ ಸುದ್ದಿ ಬೀದಿಗೆ ಇಳಿಯಿತು. ಮಾರನೆಯ ಬೆಳಿಗ್ಗೆ ಎದುರುಮನೆಯ ಟೈಲರು ತನ್ನ ತಂಗಿಯ ಮಗಳನ್ನು ಕರೆದುಕೊಂಡು ಬಂದ. ಬಾಡಿಗೆಗೆ ಒಂದು ದಿನ ತಡವಾದರೆ ಬಾಗಿಲು ಬಡಿಯುವ ಮನೆ ಮಾಲೀಕರು ಅಂದು ಬಾಗಿಲನ್ನು ಬೆರಳ ತುದಿಯಿಂದ ತಟ್ಟಿ, ತಮ್ಮ ಅಳಿಯನನ್ನು ಮುಂದಕ್ಕೆ ದೂಡಿದರು. ಅಳಿಯನಿಗೆ ಏನು ಬರುತ್ತದೆ ಎಂದು ಕೇಳಿದರೆ ಮಾಲೀಕರು, "ನಿದ್ದೆ ಚೆನ್ನಾಗಿ ಬರುತ್ತೆ. ಮಿಕ್ಕಿದ್ದು ನಿಮ್ಮ ಕೈಯಲ್ಲಿದೆ," ಎಂದರು. ಬಂದವರನ್ನೆಲ್ಲ ಕೂರಿಸಿದ್ದು ಲಿಫ್ಟಿನ ಸ್ಟೂಲಿನ ಮೇಲೆ. ಅದು ಸಾಹೇಬರ ಮನೆಯ ಸಂದರ್ಶನದ ಸ್ಟೂಲು ಎಂದು ಬೀದಿಯಲ್ಲಿ ಹೆಸರಾಯಿತು.

ಲಿಫ್ಟಣ್ಣ ಒಬ್ಬರಿಗೂ ಸುಳ್ಳು ಹೇಳಲಿಲ್ಲ. ಇದನ್ನು ನಾವು ಅವನ ಪರವಾಗಿ ಒತ್ತಿ ಹೇಳುತ್ತೇವೆ. "ನೋಡಿ, ನನ್ನ ಕೈಯಲ್ಲಿ ಏನೂ ಇಲ್ಲ. ನಾನೂ ನಿಮ್ಮ ಹಾಗೇನೇ," ಎಂದು ಎಲ್ಲರಿಗೂ ಹೇಳಿದ.

"ಆಹಾ, ಎಂಥ ವಿನಯ!" ಎಂದ ಟೈಲರು.

"ದೊಡ್ಡವರು ಮಾತಾಡೋದೇ ಹಾಗೆ," ಎಂದರು ಮಾಲೀಕರು.

"ಅಲ್ಲಿ ಕೆಲಸ ಕೊಡಲ್ಲ, ಕೆಲಸ ಹುಡುಕೋದು ಹೇಗೆ ಅಂತ ಕಲಿಸ್ತಾರೆ. ನಾಳೆ ಹೋಗಿ, ಮೇಡಂನ ನೋಡಿ," ಎಂದು ಅವನು ಅಂಗಲಾಚಿದ. ಅವರು ಅದನ್ನು ಸಾಹೇಬರ ಆಜ್ಞೆ ಎಂದು ತಿಳಿದು ಹೋದರು. ಹೋಗಿ, "ಸಾಹೇಬರು ಕಳಿಸಿದಾರೆ" ಎಂದರು.

ಕೇಂದ್ರದ ಮೆಟ್ಟಿಲ ಮೇಲೆ ಸಾಲು ಬೆಳೆಯಿತು. ಕೆಳಗಿನ ಇಸ್ತ್ರಿ ಅಂಗಡಿಯವನು ಗಿರಾಕಿಗಳು ತನಗೇ ಬಂದರೆಂದು ಹಿಗ್ಗಿ, ಆಮೇಲೆ ಕುಗ್ಗಿದ. ಮೇಡಂ ಲಿಫ್ಟಣ್ಣನನ್ನು ಒಳಗೆ ಕರೆದರು.

"ಯಾರ್ರೀ ಇದು ಸಾಹೇಬರು? ನಮ್ಮಲ್ಲಿ ನಾನೊಬ್ಳು, ಲೆಕ್ಕದೋನು ಒಬ್ಬ. ಅವನನ್ನ ಅವನ ಹೆಂಡತಿ ಕೂಡ ಸಾಹೇಬರು ಅನ್ನಲ್ಲ."

ಲಿಫ್ಟಣ್ಣ ನಡೆದದ್ದನ್ನೆಲ್ಲ ಒಪ್ಪಿಸಿದ. ಮೇಡಂ ನಗು ತಡೆಯಲು ಕನ್ನಡಕ ಹುಡುಕಿದರು. ಅದು ತಲೆಯ ಮೇಲೆಯೇ ಇತ್ತು.

"ಬಂದವರಿಗೆಲ್ಲ ನಾವು ದಾರಿ ತೋರಿಸ್ತೀವಿ, ಅದಕ್ಕೇ ಇರೋದು. ಟೈಲರ ತಂಗಿ ಮಗಳನ್ನ ನಾಳೆನೇ ಔಷಧಿ ಅಂಗಡಿಗೆ ಕಳಿಸ್ತಿದೀನಿ. ಆದ್ರೆ ನಿಮ್ಮ ಷಡ್ಡಕನಿಗೆ ನಿಜ ಹೇಳಿ. ಆ ಸುಳ್ಳು ಹೊತ್ಕೊಂಡು ಹೊಸ ಕೆಲಸಕ್ಕೆ ಹೋಗ್ಬೇಡಿ, ಭಾರ ಆಗುತ್ತೆ." ಆಮೇಲೆ ಅವರು ಮುಖ್ಯವಾದ ಮಾತಿಗೆ ಬಂದರು. "ದೊಡ್ಡಾಸ್ಪತ್ರೆಯಲ್ಲಿ ವಿಚಾರಣೆ ಮೇಜಿಗೆ ಒಬ್ಬರು ಬೇಕಂತೆ. ಬಂದೋರಿಗೆ ಯಾವ ಮಹಡಿ, ಯಾವ ಕೋಣೆ ಅಂತ ಹೇಳೋ ಕೆಲಸ. ನಿಮಗೇ ಹೇಳಿ ಮಾಡಿಸಿದ ಹಾಗಿದೆ. ಬುಧವಾರ ಅಲ್ಲೇ ಒಂದು ಅಭ್ಯಾಸ ಇಟ್ಕೊಂಡಿದೀನಿ, ಅವರ ಡಾಕ್ಟರು, ಹೆಡ್ ನರ್ಸು ಇಬ್ರೂ ನಮಗಾಗಿ ಬರ್ತಾರೆ. ಗುರುವಾರ ನಿಜವಾದ ಸಂದರ್ಶನ. ಬುಧವಾರ ಏನು ಬೇಕಾದ್ರೂ ತಪ್ಪು ಮಾಡಿ. ಗುರುವಾರ ಮಾಡ್ಬೇಡಿ."

ಲಿಫ್ಟಣ್ಣ ಎರಡನ್ನೂ ಚೆನ್ನಾಗಿ ನೆನಪಿಟ್ಟುಕೊಂಡ. ಬುಧವಾರ ಅಭ್ಯಾಸ, ಗುರುವಾರ ನಿಜ.

ಮಂಗಳವಾರ ಸಂಜೆ ಷಡ್ಡಕ ಮನೆಗೆ ಬಂದ, ತಲೆಯ ಮೇಲೆ ಒಂದು ದೊಡ್ಡ ಹಾಸಿಗೆ ಹೊತ್ತುಕೊಂಡು. ಆಳಿನ ಕೈಲಿ ಹೊರಿಸಿಕೊಂಡು ಬರಲಿಲ್ಲ, ತಾನೇ ಹೊತ್ತು ತಂದಿದ್ದ. ಹಾಸಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತು. ಷಡ್ಡಕ ಹೊರಗಿನಿಂದ ದೂಡಿದ, ಲಿಫ್ಟಣ್ಣ ಒಳಗಿನಿಂದ ಎಳೆದ, ಕೊನೆಗೆ ಹಾಸಿಗೆ ಒಮ್ಮೆಲೇ ಒಳಗೆ ನುಗ್ಗಿ ಲಿಫ್ಟಣ್ಣನ ಮೇಲೆ ಬಿತ್ತು.

"ಇದೆಲ್ಲ ಯಾಕೆ ಭಾವ?" ಎಂದ ಲಿಫ್ಟಣ್ಣ ಅದರ ಕೆಳಗಿನಿಂದ.

"ನೀವು ಹಗಲೆಲ್ಲ ನೂರಾರು ಜನರ ಭವಿಷ್ಯ ನೋಡ್ತೀರಿ. ಬೆನ್ನಿಗೆ ಆರಾಮ ಬೇಕು." ಷಡ್ಡಕ ಸ್ಟೂಲಿನ ತುದಿಯಲ್ಲಿ ಕೂತು ಬೆವರೊರೆಸಿಕೊಂಡ. "ಒಂದು ಸಣ್ಣ ವಿಷಯ. ನನ್ನ ಸ್ನೇಹಿತ ಒಬ್ಬ ಇದಾನೆ. ಕೆಲಸ ಬೇಕಾಗಿದೆ. ವಯಸ್ಸು ಹೆಚ್ಚುಕಮ್ಮಿ ನನ್ನಷ್ಟೇ. ವ್ಯಾಪಾರ ಚೆನ್ನಾಗಿ ಗೊತ್ತು. ಸ್ವಲ್ಪ ಬಾಯಿ ಜೋರು, ಆದ್ರೆ ಮನಸ್ಸು ಒಳ್ಳೇದು."

ಲಿಫ್ಟಣ್ಣ ಹೆಂಡತಿಯ ಮುಖ ನೋಡಿದ. ಹೇಳಿ, ಎಂದು ಅವಳು ಕಣ್ಣಲ್ಲೇ ಹೇಳಿದಳು. ಅವನು ಬಾಯಿ ತೆರೆದ. ಇಷ್ಟು ವರ್ಷ ತನ್ನನ್ನು ಲಿಫ್ಟು ಎಂದವನು ತನ್ನ ಸ್ಟೂಲಿನ ತುದಿಯಲ್ಲಿ ಕೂತು 'ನೀವು' ಎನ್ನುತ್ತಿದ್ದ. ಬಿಸಿ ತುಪ್ಪ ಉಗುಳುವುದಕ್ಕೂ ಆಗಲಿಲ್ಲ, ನುಂಗುವುದಕ್ಕೂ ಆಗಲಿಲ್ಲ.

"ನಾಳೆ ಮಧ್ಯಾಹ್ನ ಕೇಂದ್ರಕ್ಕೆ ಕರ್ಕೊಂಡು ಬನ್ನಿ ಭಾವ," ಎಂಬ ಮಾತು ಬಾಯಿಂದ ಬಂತು. ಅಲ್ಲಿ ಮೇಡಂ ಎದುರಿಗೇ ಎಲ್ಲ ಹೇಳಿಬಿಡುವುದೆಂದು ಅವನ ಲೆಕ್ಕ.

ಬುಧವಾರ ಬೆಳಗಾಗುವುದೇ ತಡ, ಫೋನು ಬಡಿದುಕೊಳ್ಳತೊಡಗಿತು. ಮಾಲೀಕರ ಅಳಿಯ, ಅಳಿಯನ ಗೆಳೆಯ, ಗೆಳೆಯನ ಚಿಕ್ಕಪ್ಪ. ಎಲ್ಲರಿಗೂ ಸಾಹೇಬರೇ ಬೇಕು. ತಲೆ ಚಿಟ್ಟು ಹಿಡಿದು ಲಿಫ್ಟಣ್ಣ ಫೋನನ್ನು ಆರಿಸಿ, ಕೋಟಿನ ಜೇಬಿಗೆ ಹಾಕಿಕೊಂಡು ಆಸ್ಪತ್ರೆಗೆ ಹೊರಟ. ಅವನು ಬೀದಿಯ ತಿರುವು ದಾಟುವ ಹೊತ್ತಿಗೆ ಮೇಡಂ ಅವನಿಗೆ ಫೋನ್ ಮಾಡುತ್ತಿದ್ದರು. ಡಾಕ್ಟರು ಮರುದಿನ ಊರಲ್ಲಿ ಇರುವುದಿಲ್ಲವಂತೆ; ಅಭ್ಯಾಸ ರದ್ದು; ನಿಜವಾದ ಸಂದರ್ಶನ ಇವತ್ತೇ. ಇಷ್ಟು ಮಾತು ಹೇಳಲು ಅವರು ಮತ್ತೆ ಮತ್ತೆ ಮಾಡಿದರು. ಫೋನು ಜೇಬಿನಲ್ಲಿ ಹಾಯಾಗಿ ಮಲಗಿತ್ತು.

ಅದಕ್ಕಿಂತ ಹಾಯಾಗಿದ್ದವನು ಅದರ ಯಜಮಾನ. ಅಭ್ಯಾಸ ತಾನೇ? ಅವನು ಸಲೀಸಾಗಿ ಕೋಣೆಯೊಳಗೆ ಹೋದ. ಮೇಜಿನ ಆಚೆ ಬೋಳುತಲೆಯ ಡಾಕ್ಟರು, ಪಕ್ಕದಲ್ಲಿ ಹೆಡ್ ನರ್ಸಮ್ಮ.

"ನಿಮ್ಮ ಬಗ್ಗೆ ಹೇಳಿ," ಎಂದರು ಡಾಕ್ಟರು.

"ಭೇಷ್!" ಎಂದ ಲಿಫ್ಟಣ್ಣ. "ನಿಜವಾದವರು ಕೇಳಿದ ಹಾಗೇ ಇದೆ. ಸ್ವಲ್ಪ ಬೆನ್ನು ನೆಟ್ಟಗೆ ಮಾಡ್ಕೊಂಡು ಕೇಳಿದ್ರೆ ಇನ್ನೂ ಚೆನ್ನಾಗಿರುತ್ತೆ."

ಡಾಕ್ಟರು ಗಾಬರಿಯಾಗಿ ಬೆನ್ನು ನೆಟ್ಟಗೆ ಮಾಡಿಕೊಂಡರು. ನರ್ಸಮ್ಮ ಕೆಮ್ಮಿದರು.

"ಹಿಂದಿನ ಕೆಲಸ ಯಾಕೆ ಬಿಟ್ರಿ?"

ಮಂಡಿ ನೋವು ನಾಲಗೆಯ ತುದಿಗೆ ಬಂದಿತ್ತು. ಆದರೆ ಅಭ್ಯಾಸಕ್ಕೆ ಯಾಕೆ ಸುಳ್ಳು ಖರ್ಚು ಮಾಡಬೇಕು, ನಾಳೆಗೆ ಇರಲಿ ಎಂದು ಅವನಿಗನಿಸಿತು. "ನಾನು ಬಿಡಲಿಲ್ಲ ಸಾರ್, ಅದೇ ನನ್ನ ಬಿಡ್ತು. ಲಿಫ್ಟು ಮಾತಾಡೋಕೆ ಕಲೀತು. ಅವಳ ಜೊತೆ ಪೈಪೋಟಿ ಮಾಡಿ ಸೋತೆ. ಆದ್ರೆ ಒಂದು ಮಾತು. ಅವಳು ಮೂರನೇ ಮಹಡಿ ಅಂತ ಹೇಳ್ತಾಳೆ ಅಷ್ಟೇ. ಹತ್ತಿದವರ ಮುಖ ನೋಡಲ್ಲ. ಅಳ್ತಾ ಬಂದವರಿಗೆ ನಾನು ಸ್ಟೂಲು ಬಿಟ್ಕೊಡ್ತಿದ್ದೆ. ಯಾರಾದ್ರೂ ಕೆಲಸದ ಮೊದಲನೇ ದಿನ ಬಂದ್ರೆ, ಹೆದರಬೇಡಿ, ಐದನೇ ಮಹಡಿಯೋರು ಬೊಗಳ್ತಾರೆ, ಕಚ್ಚಲ್ಲ ಅಂತ ಹೇಳ್ತಿದ್ದೆ. ಅದನ್ನ ಯಾರೂ ನನ್ನ ಕೆಲಸ ಅಂತ ಹೇಳಿರಲಿಲ್ಲ, ನಾನಾಗೇ ಮಾಡ್ತಿದ್ದೆ."

ಕೋಣೆ ಒಂದು ಗಳಿಗೆ ಸುಮ್ಮನಾಯಿತು. ಆ ಮೌನವನ್ನು ಲಿಫ್ಟಣ್ಣ ತಪ್ಪು ತಿಳಿದ. ಇವರಿಗೆ ಮುಂದಿನ ಪ್ರಶ್ನೆ ಮರೆತುಹೋಗಿದೆ ಎಂದುಕೊಂಡ. "ಸರಿ, ಈಗ ಕುರ್ಚಿ ಬದಲಾಯಿಸೋಣ. ಏಳಿ ಡಾಕ್ಟ್ರೇ."

"ಏನಂದ್ರಿ?"

"ನಮ್ಮ ಮೇಡಂ ನಿಯಮ. ಈಗ ನೀವು ಈ ಕಡೆ, ನಾನು ಆ ಕಡೆ."

ನರ್ಸಮ್ಮ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು, "ಹೋಗಿ ಡಾಕ್ಟ್ರೇ, ನೋಡೋಣ," ಎಂದರು. ಇಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ಡಾಕ್ಟರನ್ನು ಎಬ್ಬಿಸಿದವರು ಯಾರೂ ಇರಲಿಲ್ಲ. ಡಾಕ್ಟರು ಎದ್ದು ಬಂದು ಸಣ್ಣ ಕುರ್ಚಿಯಲ್ಲಿ ಮುದುಡಿ ಕೂತರು. ಲಿಫ್ಟಣ್ಣ ದೊಡ್ಡ ಕುರ್ಚಿಯಲ್ಲಿ ಕೂತ, ಏಳನೇ ಮಹಡಿಯ ಹುಬ್ಬನ್ನು ಏರಿಸಿದ.

"ಆಸ್ಪತ್ರೆ ಬಾಗಿಲಲ್ಲಿ ಬಂದು ನಿಂತವರು ಮೊದಲು ಏನು ಕೇಳ್ತಾರೆ?"

"ತಜ್ಞ ವೈದ್ಯರು ಯಾವ ವಿಭಾಗದಲ್ಲಿ ಲಭ್ಯ..."

"ಹೂಂ, ಮುಂದೆ. ನರ್ಸಮ್ಮ ನೀವು?"

"ಶೌಚಾಲಯ ಎಲ್ಲಿದೆ ಅಂತ," ಎಂದರು ನರ್ಸಮ್ಮ.

"ನೀವು ಪಾಸು. ಡಾಕ್ಟ್ರೇ, ಬೇಜಾರು ಮಾಡ್ಕೋಬೇಡಿ. ಚೆನ್ನಾಗಿ ಅಭ್ಯಾಸ ಮಾಡಿ, ಇನ್ನೊಂದು ಸಲ ಬನ್ನಿ." ಹೀಗೆಂದು ಇಬ್ಬರ ಕೈಯನ್ನೂ ಕೋಟಿನ ತೋಳಿನೊಳಗಿಂದಲೇ ಕುಲುಕಿ, "ನಾಳೆ ನಿಜವಾದದ್ದು ಇದೆ, ಹೊರಡ್ತೀನಿ" ಎಂದು ಅವನು ಎದ್ದು ಬಂದ.

ಕೇಂದ್ರಕ್ಕೆ ಬಂದಾಗ ಮೇಡಂ ಬಾಗಿಲಲ್ಲೇ ನಿಂತಿದ್ದರು.

"ಎಲ್ಲಿ ಹಾಳಾಗಿ ಹೋಗಿದ್ರಿ? ಫೋನ್ ಯಾಕೆ ಆರಿಸಿದ್ರಿ? ಆಸ್ಪತ್ರೆಗೆ ಹೋದ್ರೋ ಇಲ್ವೋ?"

"ಹೋಗಿದ್ದೆ ಮೇಡಂ. ಅಭ್ಯಾಸ ಬಹಳ ಚೆನ್ನಾಗಾಯ್ತು. ಡಾಕ್ಟರು ಮಾತ್ರ ಸ್ವಲ್ಪ ವೀಕು. ನಾನೇ ಫೇಲ್ ಮಾಡಿ ಬಂದೆ."

ಮೇಡಂ ಗೋಡೆ ಹಿಡಿದುಕೊಂಡರು. "ಯಾವ ಅಭ್ಯಾಸ? ಅಭ್ಯಾಸ ರದ್ದಾಯ್ತು ಕಣ್ರೀ! ಅದು ನಿಜವಾದ ಸಂದರ್ಶನ!"

ಲಿಫ್ಟಣ್ಣ ಕೈಗೆ ಸಿಕ್ಕ ಕುರ್ಚಿಯಲ್ಲಿ ಕುಸಿದ. ಅದು ದೊಡ್ಡ ಕುರ್ಚಿಯಾಗಿತ್ತು. ಬೆನ್ನು ನೆಟ್ಟಗೆ ಮಾಡಿ ಎಂದದ್ದು, ಏಳಿ ಎಂದದ್ದು, ಇನ್ನೊಂದು ಸಲ ಬನ್ನಿ ಎಂದದ್ದು, ಒಂದೊಂದೇ ನೆನಪಾಗಿ ಅವನಿಗೆ ಅಳು ಬಂತು. ಹೇಳಿ ಮಾಡಿಸಿದಂಥ ಕೆಲಸ. ಕೈಗೆ ಬಂದ ತುತ್ತನ್ನು ತಾನೇ ತಟ್ಟಿ ಬೀಳಿಸಿದ್ದ. ಇನ್ನು ಉಳಿದದ್ದು ಹಾಸಿಗೆ ಹೊರುವುದೊಂದೇ.

ಆಗ ಬಾಗಿಲು ಮೆತ್ತಗೆ ತೆರೆಯಿತು. "ಒಳಗೆ ಬರಬಹುದಾ ಸಾಹೇಬ್ರೇ?"

ಷಡ್ಡಕ ಬಂದಿದ್ದ. ಜೊತೆಗೆ ಯಾವ ಸ್ನೇಹಿತನೂ ಇರಲಿಲ್ಲ.

"ಭಾವ," ಎಂದ ಲಿಫ್ಟಣ್ಣ. ಇನ್ನು ಮುಚ್ಚಿಡಲು ಅವನಲ್ಲಿ ಶಕ್ತಿಯೇ ಉಳಿದಿರಲಿಲ್ಲ. "ನಾನು ಸಾಹೇಬನೂ ಅಲ್ಲ, ಮಣ್ಣೂ ಅಲ್ಲ. ನನ್ನ ಕೆಲಸ ಹೋಗಿ ಎಷ್ಟೋ ದಿನ ಆಯ್ತು. ಈ ಕೋಟು ಎರವಲು. ಈ ಕುರ್ಚಿ ಅಭ್ಯಾಸದ್ದು. ನಾನೂ ಇಲ್ಲಿಗೆ ಕೆಲಸ ಕೇಳ್ಕೊಂಡೇ ಬರ್ತಿದ್ದೋನು. ಇವತ್ತು ಅದನ್ನೂ ಕೆಡಿಸ್ಕೊಂಡು ಬಂದೆ. ನಿಮ್ಮ ಅಂಗಡೀಲಿ ಹಾಸಿಗೆ ಹೊರೋ ಕೆಲಸ ಇನ್ನೂ ಇದ್ರೆ ಹೇಳಿ, ಬರ್ತೀನಿ."

ಅಷ್ಟು ದೊಡ್ಡ ಆಳು ಸಣ್ಣ ಕುರ್ಚಿಯಲ್ಲಿ ನಿಧಾನವಾಗಿ ಕೂತ.

"ಅಂಗಡಿ ಎಲ್ಲಿದೆ?" ಎಂದ. "ಮುಚ್ಚಿ ಆಯ್ತು. ಈಗೆಲ್ಲ ಜನ ಫೋನಲ್ಲಿ ಒತ್ತಿದ್ರೆ ಸಾಕು, ಹಾಸಿಗೆ ಸುರುಳಿ ಸುತ್ಕೊಂಡು ಡಬ್ಬದಲ್ಲಿ ಮನೆಗೇ ಬರುತ್ತೆ. ನಿನ್ನೆ ನಿಮ್ಮನೆಗೆ ತಂದೆನಲ್ಲ, ಅದೇ ಕೊನೇದು." ಅವನು ತನ್ನ ದೊಡ್ಡ ಕೈಗಳನ್ನು ನೋಡಿಕೊಂಡ. "ಸ್ನೇಹಿತನೂ ಇಲ್ಲ, ಗಿಹಿತನೂ ಇಲ್ಲ. ನಾನೇ. ಅವತ್ತು ಈ ಬಾಗಿಲು ತೆಗೆದಿದ್ದು ನನಗೆ ಕೆಲಸ ಕೇಳೋಕೆ. ನಿನ್ನ ನೋಡಿ ನಾಚಿಕೆ ಆಗಿ, ಇಸ್ತ್ರಿ ಅಂಗಡಿ ಹಿಂದೆ ಬಚ್ಚಿಟ್ಕೊಂಡೆ. ಮನೇಲಿ ಇನ್ನೂ ಹೇಳಿಲ್ಲ."

'ನಿನ್ನ' ಎಂದಿದ್ದ. ಲಿಫ್ಟಣ್ಣನಿಗೆ ಅದು ಕೇಳಿಸಿತು. ಎದೆಯ ಮೇಲೆ ಬಿದ್ದಿದ್ದ ಹಾಸಿಗೆಯೊಂದನ್ನು ಯಾರೋ ಎತ್ತಿದ ಹಾಗಾಯಿತು.

ಮೇಡಂ ಇಬ್ಬರನ್ನೂ ನೋಡಿ, "ಅಳೋದೆಲ್ಲ ಆಮೇಲೆ. ಮೊದ್ಲು ಫೋನ್ ಹಚ್ರೀ," ಎಂದರು.

ಹಚ್ಚಿದ ಮರುಗಳಿಗೆಯೇ ಅದು ಬಡಿದುಕೊಂಡಿತು. "ಸಾಹೇಬ್ರೇ, ನಮ್ಮ ಅಳಿಯಂದು ಏನಾಯ್ತು?" ಎಂದರು ಮನೆ ಮಾಲೀಕರು.

"ನಾನು ಸಾಹೇಬ ಅಲ್ಲ!" ಎಂದು ಲಿಫ್ಟಣ್ಣ ಫೋನು ಇಟ್ಟ. ಇಡುವಷ್ಟರಲ್ಲಿ ಮತ್ತೆ ಬಡಿಯಿತು. ಈ ಸಲ ಅವನು ಎದ್ದು ನಿಂತು, ಕೆಳಗಿನ ಇಸ್ತ್ರಿ ಅಂಗಡಿಗೂ ಕೇಳಿಸುವಂತೆ ಕೂಗಿದ: "ಹೇಳಿದೆನಲ್ರೀ, ನಾನು ಸಾಹೇಬ ಅಲ್ಲ! ನನಗೇ ಕೆಲಸ ಇಲ್ಲ!"

"ಇದೆಯಲ್ಲಪ್ಪಾ," ಎಂದಿತು ಆಚೆಯ ದನಿ. "ಸೋಮವಾರದಿಂದ."

ಹೆಡ್ ನರ್ಸಮ್ಮ. ಅವರು ಇನ್ನೂ ನಗುತ್ತಲೇ ಇದ್ದರು. "ನಮ್ಮ ಡಾಕ್ಟರು ಹೇಳಿ ಕಳಿಸಿದಾರೆ. ಅವರು ಚೆನ್ನಾಗಿ ಅಭ್ಯಾಸ ಮಾಡ್ಕೊಂಡು ಇನ್ನೊಂದು ಸಲ ಬರ್ತಾರಂತೆ. ಅಲ್ಲೀವರೆಗೆ ಬಾಗಿಲಲ್ಲಿ ನೀವೇ ಕೂತಿರಬೇಕಂತೆ. ಅಳ್ತಾ ಬರೋರು ನಮ್ಮಲ್ಲಿ ಬೇಕಾದಷ್ಟು ಜನ ಇದಾರೆ, ಆ ಸ್ಟೂಲೂ ತಗೊಂಡು ಬನ್ನಿ."

ಲಿಫ್ಟಣ್ಣ "ಆಗ್ಲಿ" ಎನ್ನುವಷ್ಟರಲ್ಲಿ ಮೇಡಂ ಫೋನು ಕಿತ್ತುಕೊಂಡು ಅವನ ಪರವಾಗಿ ಆಗ್ಲಿ ಎಂದರು. ಅಮ್ಮಾ ತಾಯೀ ಎಂದು ಅವನು ಉಸಿರು ಬಿಟ್ಟ ರಭಸಕ್ಕೆ ಕೋಟಿನ ಒಂದು ಗುಂಡಿ ಅಲ್ಲಾಡಿತು. ಹೆಂಡತಿಗೆ ಫೋನ್ ಮಾಡಿದಾಗ ಅವಳು ಮೊದಲು ಅತ್ತಳು, ಆಮೇಲೆ ಷಡ್ಡಕನ ವಿಷಯ ಕೇಳಿ ಕಣ್ಣೊರೆಸಿಕೊಂಡಳು. "ಅಕ್ಕನ ಹತ್ರ ನಾನೇ ಹೋಗ್ತೀನಿ. ಭಾವ ಹೇಳೋವಾಗ ಜೊತೇಲಿರ್ತೀನಿ. ಪಾಪ ಅಂತ ಮಾತ್ರ ಅನ್ನಲ್ಲ," ಎಂದಳು.

ಷಡ್ಡಕ ಸಣ್ಣ ಕುರ್ಚಿಯಲ್ಲೇ ಕೂತಿದ್ದ. ಅವನ ಮುಖದಲ್ಲಿ ಸಂತೋಷವೂ ಇತ್ತು, ತನ್ನ ಗತಿಯೇನು ಎಂಬ ದಿಗಿಲೂ ಇತ್ತು. ಮೇಡಂ ತಲೆಯ ಮೇಲಿನ ಕನ್ನಡಕವನ್ನು ಅಂದು ಮೊದಲ ಬಾರಿಗೆ ತಾವಾಗಿ ಪತ್ತೆ ಹಚ್ಚಿ, ಮೂಗಿನ ಮೇಲೆ ಇಳಿಸಿಕೊಂಡು ಅವನನ್ನು ಅಳೆದು ನೋಡಿದರು. "ವ್ಯಾಪಾರ ಗೊತ್ತು, ಭಾರ ಹೊರೋಕೆ ಬೇಜಾರಿಲ್ಲ. ದನಿ ತಗ್ಗಿಸೋದು ಕಲಿಸ್ಬೇಕು, ಅಷ್ಟೇ. ಪೀಠೋಪಕರಣದ ಮಳಿಗೆಯವರೊಬ್ರು ಆಳು ಕೇಳ್ತಿದಾರೆ. ಈಗ್ಲೇ ಅಭ್ಯಾಸ ಶುರು ಮಾಡೋಣ. ಮೇಲಂಗಿ ಏನಾದ್ರೂ ಬೇಕಲ್ಲ..."

ಲಿಫ್ಟಣ್ಣ ನೀಲಿ ಕೋಟು ಬಿಚ್ಚಿದ. ಷಡ್ಡಕನ ಹಿಂದೆ ನಿಂತು ತೊಡಿಸಿದ. ತೋಳು ಮಣಿಕಟ್ಟಿಗೆ ಸರಿಯಾಗಿ ಬಂದು ನಿಂತಿತು. ಭುಜ ಭುಜಕ್ಕೆ ಕೂತಿತು. ಗುಂಡಿಗಳು ಎಳೆಯದೆ, ಜೋಲದೆ, ತಮ್ಮ ತಮ್ಮ ಜಾಗಕ್ಕೆ ಹೋದವು. ಅಳತೆ ಕೊಟ್ಟು ಹೊಲಿಸಿದ್ದರೂ ಅಷ್ಟು ಚೆನ್ನಾಗಿ ಆಗುತ್ತಿರಲಿಲ್ಲ.

ಷಡ್ಡಕ ಕಾಲರು ಸರಿಮಾಡಿಕೊಂಡ, ಗಂಟಲು ಸರಿಮಾಡಿಕೊಂಡ. "ಏಯ್ ಲಿಫ್ಟು," ಎಂದ. "ಹೋಗಿ ಆ ಕಡೆ ಕೂತ್ಕೋ ನೀನು. ಚೆನ್ನಾಗಿ ಗದರಿಸಿ ಕೇಳು. ನಾನು ಸರಿಯಾಗಿ ಉತ್ತರ ಹೇಳೋ ತನಕ ಬಿಡ್ಬೇಡ."

ಲಿಫ್ಟಣ್ಣ ಹೋಗಿ ದೊಡ್ಡ ಕುರ್ಚಿಯಲ್ಲಿ ಕೂತ. ಬರೀ ಅಂಗಿಯಲ್ಲಿದ್ದುದರಿಂದಲೋ ಏನೋ, ಐದನೇ ಮಹಡಿಯ ಗಂಟಲೂ ಬರಲಿಲ್ಲ, ಏಳನೇ ಮಹಡಿಯ ಹುಬ್ಬೂ ಏಳಲಿಲ್ಲ.

"ಹೆದರಬೇಡಿ ಭಾವ," ಎಂದ ಅವನು. "ನಿಮ್ಮ ಬಗ್ಗೆ ಹೇಳಿ."